ನಂಬರ್ ಪೆಟ್ಟಿಗಿ ಮತ್ತ ಸವಣೂರಿನ ಲೇತ್

ನಾ ಚೀಲಾ ಹೆಗಲಿಗೆ ಹಾಕ್ಕೊಂಡು ಯಾವ ಊರಿಗೆ ಹೋದ್ರೂ ಅಲ್ಲೆ ಏನರ ಒಂದು ಆಗೇ ಆಗ್ತೈತಿ. ನಾ ಹೋಗೂಕಿಂತ ಮದಲ ಆಗಿದ್ರ ಅದಕ್ಕ ರಿಪೇರಿ ಅಂತಾರ. ಹೋದ ಮ್ಯಾಲ ಆದ್ರ ಅದಕ್ಕ ನನ್ನ ಹೆಸರು ಇಡ್ತಾರ.

ನನ್ನ ಕೆಲಸ ಏನಂದ್ರ, ಮನ್ಯಾಗ ಕಬ್ಬಿಣಾ ಕಡ್ಯೂ ಲೇತ್ ಇಟ್ಕೊಂಡವ್ರ ಮಷೀನಿಗೆ ಡಿಜಿಟಲ್ ರೀಡೌಟ್ ಕೂಡ್ಸೂದು. ಹಳೇ ಲೇತಿನ್ಯಾಗ ಹ್ಯಾಂಡಲ್ ತಿರುವಿ, ಡಯಲ್ ಮ್ಯಾಲಿನ ಕೂದಲಿನಂಥ ಗೆರಿ ಎಣಿಸಿ, ಕಬ್ಬಿಣಾ ಎಷ್ಟು ಕಡದ್ವಿ ಅಂತ ಲೆಕ್ಕಾ ಹಿಡೀಬೇಕು. ನಾ ಮಷೀನಿನ ಮೈಗೆ ಎರಡು ಗಾಜಿನ ಸ್ಕೇಲ್ ಕೂಡಿಸಿ, ವಾಯರ್ ಎಳದು, ಮ್ಯಾಲೊಂದು ಡಬ್ಬಿ ಇಡ್ತೇನಿ. ಹ್ಯಾಂಡಲ್ ತಿರುವಿದ್ರ ಡಬ್ಬಿಯೊಳಗ ಕೆಂಪ ಅಂಕಿ ಓಡ್ತಾವು. ನಮ್ಮ ಕಡೆ ಅದಕ್ಕ ಯಾರೂ ರೀಡೌಟ್ ಅನ್ನಂಗಿಲ್ಲ, ನಂಬರ್ ಪೆಟ್ಟಿಗಿ ಅಂತಾರ. ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ, ಈ ನಾಕೂ ಕಡೆ ಯಾರ ಹಿತ್ತಲದಾಗ ಲೇತ್ ಐತಿ, ಯಾರ ಪಡಸಾಲ್ಯಾಗ ಐತಿ, ಯಾವುದು ಯಾವ ಮಗ್ಗಲಿಗೆ ಸವದೈತಿ, ಎಲ್ಲಾ ನನಗ ಗೊತ್ತು.

ನನ್ನ ಮನ್ಯಾಗ ಮಾತ್ರ ಲೇತ್ ಇಲ್ಲ.

ಸಿಗೂದಿಲ್ಲ ಅಂತಲ್ಲ. ನನಗ ಬೇಕಾಗಿದ್ದು ಒಂದ. ಸವಣೂರಿನ್ಯಾಗ, ನನಗ ಕೆಲಸಾ ಕಲಿಸಿದ ಉಸ್ತಾದ್ರ ಮನಿ ಹಿಂದ ತಗಡಿನ ಶೆಡ್ಡಿನ್ಯಾಗ ನಿಂತದ್ದು. ನಾ ಮದಲನೇ ಸಲ ಕಬ್ಬಿಣಾ ಕಡದದ್ದು ಅದರ ಮ್ಯಾಲ. ಚಾಲೂ ಮಾಡಿದ್ರ ಒಂದ ಸಲ ಕೆಮ್ಮತೈತಿ, ಆಮ್ಯಾಲ ಗುಂಯ್ ಅಂತ ತಂಬೂರಿಯಂಗ ಒಂದ ಸೂರು ಹಿಡೀತೈತಿ. ಆ ಸೂರು ಬ್ಯಾರೆ ಯಾವ ಮಷೀನಿಗೂ ಇಲ್ಲ. ನಾ ಎಲ್ಲಾ ಕೇಳೇನಿ.

ಹನ್ನೊಂದು ವರ್ಷದ ಹಿಂದ ಧೈರ್ಯಾ ಮಾಡಿ ಕೇಳಿದೆ. "ಉಸ್ತಾದ್, ಈ ಲೇತ್ ನನಗ ಕೊಡ್ರಿ."

ಉಸ್ತಾದ್ರು ಸಿಟ್ಟಾಗಲಿಲ್ಲ. "ಬೇಟಾ, ಡಯಲ್ ಮ್ಯಾಲಿನ ಗೆರಿ ನನಗ ಎಂದ ಕಾಣೂದಿಲ್ಲೋ, ಅಂದ ಬಂದು ಒಯ್ಯಿ. ಕಾಣೂ ತನಕಾ ನಂದು" ಅಂದ್ರು.

ಆಗ ಅವ್ರಿಗೆ ಅರವತ್ತೇಳು. ಇನ್ನೇನು ಒಂದೆರಡು ವರ್ಷ ಅಂದ್ಕೊಂಡು ನಾ ಹಾನಗಲ್ಲಿನ್ಯಾಗ ಒಂದ ಖೋಲಿ ಕಟ್ಟಿಸಿ, ನೆಲಕ್ಕ ಸಿಮೆಂಟ್ ಹಾಕಿಸಿ, ಆ ಲೇತಿನ ಕಾಲಿನ ಅಳತಿಗೆ ಬೋಲ್ಟ್ ಸೈತ ಹುಗದು ಇಟ್ಟೆ. ಈಗ ಆ ಬೋಲ್ಟಿನ ನಡುವ ನನ್ನ ಹೆಂಡ್ತಿ ಜ್ವಾಳದ ಚೀಲಾ ಇಟ್ಟಾಳ. "ಏನರ ಅನ್ರಿ, ಅಲುಗಾಡದಂಗ ಕುಂದರ್ತಾವು" ಅಂತಾಳ.

ತಿಂಗಳಿಗೊಮ್ಮೆ ಸವಣೂರಿಗೆ ಹೋಗ್ತೇನಿ. ಕುಂತ ಕೂಡ್ಲೇ ಕೇಳ್ತೇನಿ, "ಕಣ್ಣು ಹೆಂಗದಾವ್ರಿ ಉಸ್ತಾದ್?"

"ಅಲ್ಲಾನ ದಯಾ, ಛಲೋ ಅದಾವು."

ಉಸ್ತಾದ್ರ ಮನಿಯವ್ರಿಗೆ ನಾ ಖಾಲಾ ಅಂತೇನಿ. ಅವ್ರು ಓಣಿ ತುಂಬ ಹೇಳ್ಕೊಂಡ ಬಂದಾರ: "ಹೊಟ್ಟೀಲೆ ಹುಟ್ಟಿದವ್ರೂ ಇಷ್ಟು ಕಣ್ಣ ವಿಚಾರ್ಸಂಗಿಲ್ಲ." ಆ ಓಣ್ಯಾಗ ನಾ ತಲಿ ತಗ್ಗಿಸಿ ನಡೀತೇನಿ. ಜನಾ ಅದಕ್ಕ ವಿನಯ ಅಂತಾರ.

ಶಿಗ್ಗಾವಿಯ ಅರ್ಧಾ

ಶಿಗ್ಗಾವ್ಯಾಗ ಲೇತ್ ನಡಸೂ ಒಬ್ರು ಹಿರಿಯ ಟರ್ನರ್ ಅದಾರ. ಮೂವತ್ತು ವರ್ಷದಿಂದ ತಲ್ಯಾಗ ಅರ್ಧಾ ಮಾಡ್ಕೋತ ಬಂದಾವ್ರು. ರಾಡ್ ನಾಕು ಎಮ್ಮೆಮ್ ಸಣ್ಣ ಮಾಡಬೇಕಂದ್ರ ಕಡ್ಯೂ ಟೂಲ್ ಎರಡ ಎಮ್ಮೆಮ್ ಮುಂದ ತಳ್ಳಬೇಕು, ಯಾಕಂದ್ರ ರಾಡು ತಿರಗ್ತೈತಿ, ಎರಡೂ ಮಗ್ಗಲಾ ಕಡೀತೈತಿ. ಪೆಟ್ಟಿಗ್ಯಾಗ ಆ ತ್ರಾಸಿಲ್ಲ. ಅರ್ಧಾದ ಲೆಕ್ಕಾ ಅದ ಮಾಡ್ಕೊಂಡು ರಾಡು ಎಷ್ಟು ಸಣ್ಣ ಆತು ಅನ್ನೂದನ್ನ ನೆಟ್ಟಗ ತೋರಸ್ತೈತಿ. ಹಂಗ ಸೆಟ್ ಮಾಡಿ, ಮೂರು ಸಲ ತಿಳಿಸಿ ಹೇಳಿ ಬಂದೆ. "ತಿಳೀತ್ರಿ, ತಿಳೀತ್ರಿ" ಅಂದ್ರು.

ಮೂರನೇ ದಿನಕ್ಕ ಫೋನು. "ನಿಮ್ಮ ಪೆಟ್ಟಿಗಿ ಭಾಳ ಮೈಗಳ್ಳ ಐತ್ರಿ. ಹೇಳಿದ್ದರಾಗ ಅರ್ಧಾ ಕೆಲಸಾನ ಮಾಡ್ತೈತಿ. ರಾಡೆಲ್ಲಾ ದಪ್ಪ ಉಳ್ಯಾಕತ್ತಾವು."

"ನೀವು ತಲ್ಯಾಗ ಅರ್ಧಾ ಮಾಡಾಕತ್ತೀರೇನ್ರಿ?"

"ಮಾಡಲಾರ್ದ ಹೆಂಗ್ರಿ?"

"ಅದನ್ನ ಪೆಟ್ಟಿಗೀನ ಮಾಡ್ತೈತ್ರಿ."

"ಅದು ಯಾಕ ಮಾಡಬೇಕು? ಅದು ನನ್ನ ಕೆಲಸಾ" ಅಂದ್ರು.

ಇದು ಫೋನಿನ್ಯಾಗ ಮುಗಿಯೂದಲ್ಲ ಅಂತ ವಾರ ಬಿಟ್ಟು ನಾನ ಹೋದೆ. ನೋಡಿದ್ರ ರಾಡೆಲ್ಲಾ ಅಳತಿಗೆ ಬರೋಬ್ಬರಿ ಕಡದು ಸಾಲಾಗಿ ಜೋಡ್ಸ್ಯಾರ. "ಅರ್ಧಾ ಮಾಡೂದು ಬಿಟ್ಟ್ರೇನ್ರಿ?" ಅಂತ ಕೇಳಿದೆ.

"ಬಿಡಾಕ ಆಗ್ವಲ್ದ್ರಿ, ಕೈಗೆ ಹತ್ತಿ ಬಿಟ್ಟೈತಿ. ಅದಕ್ಕ ಮದಲ ದುಪ್ಪಟ್ಟ ಮಾಡ್ಕೋತೇನಿ, ಆಮ್ಯಾಲ ಅರ್ಧಾ ಮಾಡ್ತೇನಿ. ಈಗ ತಪ್ಪಂಗಿಲ್ಲ."

ಹಳೇ ಲೆಕ್ಕಾನ ತೋರ್ಸೂಹಂಗ ಮಾಡಾಕ ಪೆಟ್ಟಿಗ್ಯಾಗ ಒಂದ ಗುಂಡಿ ಇತ್ತು. ಅವ್ರ ಮಾರಿ ಮ್ಯಾಲಿನ ಖುಷಿ ನೋಡಿ ನಾ ಅದನ್ನ ಹೇಳಲಿಲ್ಲ. ಹೊರಡೂ ಮುಂದ ಸುಮ್ನ ಕೇಳಿದೆ, "ಡಯಲ್ ಗೆರಿ ನಿಮಗ ಕಾಣ್ತಾವೇನ್ರಿ?"

"ಎಲ್ಲೀದು, ಅರವತ್ತಕ್ಕ ಮುಗದ ಹೋತು" ಅಂದ್ರು.

ಬಸ್ಸಿನ್ಯಾಗ ಕುಂತು ಲೆಕ್ಕಾ ಹಾಕಿದೆ. ಎಲ್ಲಾರಿಗೂ ಅರವತ್ತಕ್ಕ ಹೋಗ್ತಾವು. ನಮ್ಮ ಉಸ್ತಾದ್ರಿಗೆ ಮಾತ್ರ ದೇವ್ರು ಹದ್ದಿನ ಕಣ್ಣು ಕೊಟ್ಟಾನ.

ಹಾನಗಲ್ಲಿನ ಅಮಾಸಿ

ನಮ್ಮೂರಾಗ, ನಮ್ಮ ಮನಿಯಿಂದ ಎರಡ ಓಣಿ ಆಚೆ, ಅಕ್ಕಿ ಗಿರಣಿಯ ಬುಶ್ ಮಾಡೂ ಒಬ್ಬಾಂವ ಅದಾನ. ಒಂದಿನ ಓಡ್ಕೋತ ಬಂದ. "ಬಡಾನ ಬರ್ರಿ ಅಣ್ಣಾರ. ಸೊನ್ನಿ ಒತ್ತಿದ್ರ ಹನ್ನೊಂದು ತೋರ್ಸಾಕತ್ತೈತಿ."

ಇಷ್ಟು ವರ್ಷದಾಗ ಇಂಥಾ ರೋಗಾ ನಾ ಕೇಳಿದ್ದಿಲ್ಲ. ಹೋಗಿ ನೋಡಿದೆ. ಹಿಂದಿನ ದಿನ ಅಮಾಸಿ. ಅವನ ಅವ್ವ ಲೇತಿಗೆ ಪೂಜಿ ಮಾಡಿ, ಹಾರಾ ಹಾಕಿ, ಪೆಟ್ಟಿಗಿಯ ಗಾಜಿಗೆ ಮೂರ ಬಳ್ಳಲೆ ವಿಭೂತಿ ಎಳದಿದ್ಲು. ಪೆಟ್ಟಿಗಿಯ ಅಂಕಿಗೆ ಅಡ್ಡ ಗೀಟು ಇರೂದೂ ಮೂರ. ಒಂದೂ ತಪ್ಪದಂಗ ಆ ಮೂರರ ಮ್ಯಾಲ ವಿಭೂತಿ ಕುಂತಿತ್ತು. ಸೊನ್ನಿಯ ಮ್ಯಾಲಿನ ಗೀಟೂ ಇಲ್ಲ, ಕೆಳಗಿಂದೂ ಇಲ್ಲ. ನೆಟ್ಟಗ ನಿಂತ ಎರಡ ಗೀಟ ಉಳದು ಹನ್ನೊಂದು ಆಗಿತ್ತು.

ಅರಿವಿ ತಗೊಂಡು ಒರಸಾಕ ಹೋದೆ. ಹಿಂದಿಂದ ದನಿ ಬಂತು, "ಯಾಂವಪಾ ಅಂವಾ, ದೇವ್ರ ಹಣಿ ಒರಸಾಂವ?"

"ಬೇ, ಅಂಕಿ ಕಾಣೂದಿಲ್ಲ."

"ನಿನ್ನಿ ತನಕಾ ಕಾಣ್ತಿದ್ವು. ವಿಭೂತಿ ಹಚ್ಚಿದ್ರ ಕಣ್ಣ ಹೋಗೂದಾದ್ರ ಅದರ ಕಣ್ಣಾಗ ಏನ ದೋಷ ಐತಿ ನೋಡು."

ಕಡೀಕ ನಾ, ಗಾಜಿಗೆ ಬ್ಯಾಡ, ಮಗ್ಗಲಿಗೆ ಹಚ್ಚರಿ ಅಂತ ರಾಜಿ ಮಾಡಿ ಬಂದೆ. ಮುಂದಿನ ಅಮಾಸಿ ಆದ ಮರುದಿನ ಮತ್ತ ಮಗಾ ಬಂದ. ಕೆಲಸದ ನಡುವ ನಿಲ್ಲಿಸಿ ಇಟ್ಟ ಅಳತಿ ಎಲ್ಲಾ ಹೋಗಿ ಸೊನ್ನಿ ಆಗಿತ್ತಂತ. ಹೋಗಿ ನೋಡಿದ್ರ ಮಗ್ಗಲದಾಗಿನ ಒಂದ ಮೆತ್ತನ್ನ ಗುಂಡಿ ಆರಿಸಿ, ಅದರ ಮ್ಯಾಲ ದುಂಡಗ ಕುಂಕುಮಾ ಇಟ್ಟಿದ್ಲು ಆಯಿ. ಅದು ಸೊನ್ನಿ ಮಾಡೂ ಗುಂಡಿ.

"ಬೇ, ಇದನ್ನ ಮುಟ್ಟಿದ್ರ ಎಲ್ಲಾ ಸೊನ್ನಿ ಆಗ್ತೈತಿ" ಅಂದೆ.

"ಆಗ್ಲಿ ತಗೋ. ದೇವ್ರ ಮುಂದ ಅಷ್ಟ ಆದ್ರ ಸಾಕು. ಬಾ ಇಲ್ಲೆ, ನಿನಗೂ ಒಂದು ಹಚ್ತೇನಿ."

ಹಣಿ ತುಂಬ ಕುಂಕುಮಾ ಹಚ್ಚಿಸ್ಕೊಂಡು ಮನಿಗೆ ಬಂದೆ. ನನ್ನ ಖೋಲ್ಯಾಗ ಇಣುಕಿ ನೋಡಿದೆ. ಹೆಂಡ್ತಿ ಜ್ವಾಳದ ಚೀಲಕ್ಕ ಹಾರಾ ಹಾಕಿದ್ಲು.

ಬಂಕಾಪುರದಿಂದ ಒಂದ ಫೋನು

"ನಮಸ್ಕಾರ್ರಿ. ನಿನ್ನಿ ಐವತ್ತು ಎಮ್ಮೆಮ್ ಇದ್ದ ರಾಡು ಇವತ್ತ ಎರಡಕ್ಕೂ ಕಮ್ಮಿ ತೋರ್ಸಾಕತ್ತೈತ್ರಿ."

"ಪೆಟ್ಟಿಗಿ ಇಂಚಿಗೆ ಹೋಗಿರಬೇಕ್ರಿ. ಯಾರರ ಗುಂಡಿ ಒತ್ಯಾರೇನು?"

"ಮನ್ಯಾಗ ಯಾರೂ ಮುಟ್ಟಂಗಿಲ್ರಿ. ಮುಂಜಾನೆ ನವಲ ಬಂದು ಕೆಂಪ ಅಂಕಿ ಕುಕ್ಕತಿತ್ತು, ಅಷ್ಟ."

"ಅದ ಒತ್ತೈತ್ರಿ. ರಾಡಿಗೆ ಏನೂ ಆಗಿಲ್ಲ. ನೀವ ನೋಡ್ರಿ, ಸಣ್ಣ ಆಗೇತೇನು?"

"ನೋಡಿದೆ. ಮದಲ ನೋಡಿದಾಗ ಇದ್ದಂಗ ಇತ್ತ್ರಿ. ಪೆಟ್ಟಿಗಿ ಹೇಳಿದ ಮ್ಯಾಲ ಸಣ್ಣ ಕಾಣಾಕತ್ತೈತಿ."

ಕಣ್ಣಿನ ದವಾಖಾನಿ

ಇದು ಪೆಟ್ಟಿಗಿ ಕೂಡ್ಸೂದಲ್ಲ, ಖರೆ ಹೇಳಲಾರ್ದ ಇರಾಕ ಆಗಂಗಿಲ್ಲ.

ನಾ ಕಾಯಾಕತ್ತಿ ಆರನೇ ವರ್ಷಕ್ಕ ಒಂದಿನ ಉಸ್ತಾದ್ರು, "ಬೇಟಾ, ಗೆರಿ ಸರಿ ಕಾಣವಲ್ವು" ಅಂದ್ರು. ಪಾಪ ಅನ್ನಬೇಕೋ, ಲೇತ್ ಒಯ್ಯಾಕ ಟೆಂಪೋ ಹೇಳಬೇಕೋ ತಿಳೀಲಿಲ್ಲ.

"ಪೂರಾ ಕಾಣೂದಿಲ್ಲೇನ್ರಿ?"

"ಒಂದ ಇದ್ದಲ್ಲೆ ಎರಡೆರಡು ಕಾಣ್ತಾವು. ಅಂದ್ರ ಕಾಣೂದಿಲ್ಲ ಅನ್ನಾಕ ಬರಂಗಿಲ್ಲ. ಹೆಚ್ಚಿಗಿ ಕಾಣ್ತಾವು."

ಅಷ್ಟರಾಗ ಖಾಲಾ ಒಳಗಿಂದ ಬಂದ್ರು. "ಕಣ್ಣಾಗ ಪೊರಿ ಬಂದೈತಂತ. ಹುಬ್ಬಳ್ಳಿಗೆ ಒಯ್ದು ತಗಸ್ಕೊಂಡು ಬಾ ಬೇಟಾ. ನಿನ್ನಷ್ಟು ಕಾಳಜಿ ಮತ್ತ ಯಾರಿಗೈತಿ ಇವ್ರ ಕಣ್ಣಿಂದು?"

ಏನನ್ಲಿ? ಕೈ ಹಿಡದು ಬಸ್ ಹತ್ತಿಸ್ದಾಂವ ನಾ. ಆಪರೇಶನ್ ಮುಗ್ಯೂ ತನಕಾ ಬಾಗಲದಾಗ ಕುಂತಾಂವ ನಾ. ಪಟ್ಟಿ ಬಿಚ್ಚಿದ ದಿನ ಡಾಕ್ಟ್ರು ಗ್ವಾಡಿ ಮ್ಯಾಲಿನ ಅಕ್ಷರಾ ಓದ್ರಿ ಅಂದ್ರು. ಉಸ್ತಾದ್ರು ಅದರ ಕಡೆ ನೋಡಲಿಲ್ಲ. ಜುಬ್ಬಾದ ಕಿಸೆದಾಗಿಂದ ವರ್ನಿಯರ್ ತಗದು, ಡಾಕ್ಟ್ರ ಕೈಯಾಗಿನ ಪೆನ್ ಹಿಡದು ಅಳದ್ರು. "ಹನ್ನೊಂದು ಪಾಯಿಂಟ್ ನಾಕು."

ಡಾಕ್ಟ್ರು ನನ್ನ ಕಡೆ ನೋಡಿ, "ಸರಿ ಐತೇನ್ರಿ?" ಅಂದ್ರು.

ನಾ ಇಸ್ಕೊಂಡು ನೋಡಿದೆ. ಒಂದ ಗೆರಿ ಹೆಚ್ಚಿಲ್ಲ, ಒಂದ ಕಮ್ಮಿ ಇಲ್ಲ. "ಬರೋಬ್ಬರಿ ಐತ್ರಿ" ಅಂದೆ. ಟಾವೆಲ್ ತಗದು ಮಾರಿ ಒರಸ್ಕೊಂಡೆ.

ಡಾಕ್ಟ್ರು ನನ್ನ ಬೆನ್ನ ಚಪ್ಪರಿಸಿದ್ರು. "ತಂದಿ ಮ್ಯಾಲ ಭಾಳ ಜೀವ ಕಾಣ್ತೈತಿ ನಿಮ್ಮದು."

ಹಿರೇಕೆರೂರಿನ ಕಡೀ ಅಂಕಿ

ಹಿರೇಕೆರೂರಿನ್ಯಾಗ ಗಣಿತ ಕಲಸ್ತಿದ್ದ ಮಾಸ್ತರ್ರು ಒಬ್ರು. ರಿಟೈರಾದ ಮ್ಯಾಲ ಒಂದ ಸಣ್ಣ ಲೇತ್ ತಂದು, ಅಡಗಿ ಮನಿ ಆಚಿನ ಖೋಲ್ಯಾಗ ಇಟ್ಟು, ಹಿತ್ತಾಳಿ ಬುಗರಿ ಮಾಡ್ತಾರ. ಎಲ್ಲಾರೂ ತಗೊಳ್ಳೂ ಸ್ಕೇಲ್ ಅವ್ರಿಗೆ ನಡೀಲಿಲ್ಲ. ಕೂದಲನ್ನ ಎಪ್ಪತ್ತು ಸೀಳು ಮಾಡಿದ್ರ ಒಂದ ಸೀಳು ಎಷ್ಟಿರ್ತೈತೋ ಅಷ್ಟು ಸೂಕ್ಷ್ಮದ್ದ ಬೇಕು ಅಂತ ಹಟಾ ಹಿಡದು ಕೂಡಿಸ್ಕೊಂಡ್ರು. ಬುಗರಿಗೆ.

ವಾರಕ್ಕ ಫೋನು. "ಏನ್ರೀ, ಕಡೀ ಅಂಕಿ ಕುಣೀಲಿಕ್ಕತ್ತದ. ನಾ ಏನೂ ಮುಟ್ಟಿಲ್ಲ. ಸುಮ್ಮ ನಿಂತಾಗೂ ಕುಣೀತದ."

ಮುಂಜಾನೆ ಒಂಬತ್ತಕ್ಕ ಹೋಗಿ ಕುಂತೆ. ಅಂಕಿ ಕಲ್ಲಿನಂಗ ನಿಂತಿತ್ತು. ಹತ್ತಾತು, ನಿಂತಿತ್ತು. ಹನ್ನೊಂದಕ್ಕ ಒಮ್ಮಿಂದೊಮ್ಮೆಲೆ ಮೂರು, ನಾಕು, ಮೂರು, ನಾಕು ಅಂತ ಕುಣ್ಯಾಕತ್ತಿತು. ಸ್ಕೇಲ್ ಬಿಗಿ ಮಾಡಿದೆ, ವಾಯರ್ ಬದಲಿಸಿದೆ, ಮತ್ತೂ ಕುಣೀತೈತಿ. ಕಿವಿಗೊಟ್ಟು ಕೇಳಿದೆ. ಗ್ವಾಡಿ ಆಚೆ ಥಪ್, ಥಪ್, ಥಪ್. ಮಾಸ್ತರ್ರ ಮನಿಯವ್ರು ಭಕ್ರಿ ಬಡ್ಯಾಕತ್ತಿದ್ರು. ಒಲಿ ಕಟ್ಟೀನೂ ಲೇತೂ ಒಂದ ಕಲ್ಲ ಹಾಸಿನ ಮ್ಯಾಲ.

ಮಾಸ್ತರ್ರು ಬಾಗಲದಾಗ ನಿಂತು, "ಏನ, ಸ್ವಲ್ಪ ಮೆತ್ತಗ ಬಡೀಲಿಕ್ಕೆ ಬರ್ತದೇನು? ಇಲ್ಲೆ ಕಡೀ ಅಂಕಿ ಅಲುಗಾಡ್ತದ" ಅಂದ್ರು.

ಆಯಿ ಕೈ ನಿಲ್ಲಿಸಿ ನನ್ನ ಕಡೆ ನೋಡಿದ್ರು. "ಮೂವತ್ತೈದು ವರ್ಷ ಆತ್ರೀ, ನಾ ಭಕ್ರಿ ಬಡ್ಯೂ ಸಪ್ಪಳ ಇವರಿಗೆ ಒಂದಿನಾ ಕೇಳ್ಸಿಲ್ಲ. ಇವತ್ತ ಪೆಟ್ಟಿಗಿ ಹೇಳಿದ ಮ್ಯಾಲೆ ಕೇಳ್ಸೇದ."

ನಾ ಚೀಲದಾಗ ಮಾರಿ ಹಾಕಿ ಏನೋ ಹುಡುಕಿದಂಗ ಮಾಡಿದೆ.

ಎರಡ ತಿಂಗಳ ಬಿಟ್ಟು ಹೋದಾಗ ಮಾಸ್ತರ್ರು ಲೇತ್ ಬಂದ್ ಮಾಡಿ, ಪೆಟ್ಟಿಗಿ ಮಾತ್ರ ಚಾಲೂ ಇಟ್ಟು, ಅದರ ಮುಂದ ಖುರ್ಚಿ ಹಾಕ್ಕೊಂಡು ಕುಂತಿದ್ರು. ಬುಗರಿ ಇಲ್ಲ, ಏನಿಲ್ಲ. ಕಡೀ ಅಂಕಿ ಕುಣಿಯೂದನ್ನ ನೋಡಾಕತ್ತಿದ್ರು. "ಆರನೇ ಭಕ್ರಿ ನಡದದ" ಅಂದ್ರು. "ಇವತ್ತ ಆಕಿ ಕೈ ಸ್ವಲ್ಪ ಸೋತದ. ನಿನ್ನೆ ನಾಲ್ಕರ ತನಕಾ ಹಾರ್ತಿತ್ತು, ಇವತ್ತ ಮೂರ ದಾಟವಲ್ದು." ಎದ್ದು ಒಳಗ ಹೋಗಿ, "ನೀ ಕೂಡು, ಇಷ್ಟ ಸಾಕು" ಅಂದದ್ದು ಕೇಳಿಸ್ತು.

ಒಂದ ಮಷೀನಿನ ಮುಂದ ಹಂಗ ಕುಂದ್ರಬೇಕು ಅನ್ನೂದು ನನಗೂ ಹನ್ನೊಂದು ವರ್ಷದ ಆಸೆ. ಊಟಕ್ಕ ಕುಂತಾಗ ಆಯಿ ತಾಟಿಗೆ ಭಕ್ರಿ ಹಾಕ್ಕೋತ ಹೇಳಿದ್ರು, "ಅಡಗಿ ಮನ್ಯಾಗೂ ಒಂದ ಪೆಟ್ಟಿಗಿ ಕೂಡ್ಸರಿ. ಆ ಖೋಲ್ಯಾಗ ಇವರು ಏನ ಮಾಡ್ತಾರ, ನನಗೂ ಒಂದೀಟು ಕಾಣ್ಲಿ."

ಸವಣೂರು

ಹೋದ ತಿಂಗಳ ಉಸ್ತಾದ್ರ ಫೋನು ಬಂತು. ಅವ್ರಾಗಿ ಅವ್ರು ಫೋನ್ ಮಾಡಾವ್ರಲ್ಲ.

"ಬೇಟಾ, ಗೆರಿ ಕಾಣವಲ್ವು. ಒಂದೂ ಕಾಣವಲ್ದು. ಬಾ."

"ಬಂದ್ನಿ ಉಸ್ತಾದ್" ಅಂದೆ. ಟೆಂಪೋ ಹೇಳಿದೆ. ಚೈನ್ ಪುಲ್ಲಿ, ಹಗ್ಗಾ, ನಾಕ ಮಂದಿ ಹಮಾಲರು. ಹಾನಗಲ್ಲಿಂದ ಬಂಕಾಪುರದ ಮ್ಯಾಲೆ ಸವಣೂರು ಮುಟ್ಟೂ ತನಕಾ ಡ್ರೈವರ್ ಮೂರು ಸಲ ಕೇಳಿದ, "ಏನ ಹೇರೂದೈತ್ರಿ?" ಮೂರೂ ಸಲ ನಕ್ಕೆ.

ಉಸ್ತಾದ್ರು ಬಾಗಲದಾಗ ನಿಂತಿದ್ರು. ಟೆಂಪೋ ನೋಡಿದ್ರು, ಹಮಾಲರನ್ನ ನೋಡಿದ್ರು, ಪುಲ್ಲಿ ನೋಡಿದ್ರು.

"ಇಷ್ಟ ಮಂದಿ ಯಾಕೋ? ನಂಬರ್ ಪೆಟ್ಟಿಗಿ ಅಷ್ಟು ಒಜ್ಜಿ ಇರ್ತೈತೇನು?"

ನಾ ಟೆಂಪೋದಿಂದ ಒಂದ ಕಾಲ ಕೆಳಗಿಟ್ಟಾಂವ ಹಂಗ ನಿಂತೆ.

"ನಾಕೂ ಕಡೆ ಹಿತ್ತಲಾ ಹಿತ್ತಲಾ ತಿರುಗಿ ಕೂಡಸ್ತೀ. ನನಗೊಂದು ಕೂಡ್ಸಬೇಕು ಅಂತ ನಿನಗ ಹೊಳೀಲೇ ಇಲ್ಲಲ್ಲ. ಬಂದಾಗೆಲ್ಲಾ ಕಣ್ಣ ಹೆಂಗದಾವ, ಕಣ್ಣ ಹೆಂಗದಾವ. ಇನ್ನ ನಾನ ಬಾಯಿ ಬಿಟ್ಟು ಕೇಳಬೇಕಾತು."

ಖಾಲಾ ನೀರು ತಂದು ಕೊಟ್ರು. ಕುಡದೆ. ಮತ್ತೊಂದು ಚರಿಗಿ ಕೇಳಿದೆ. ಅಷ್ಟರಾಗ ಉಸ್ತಾದ್ರು ಮತ್ತೊಮ್ಮೆ ಹಮಾಲರ ಕಡೆ, ಪುಲ್ಲಿ ಕಡೆ ನೋಡಿದ್ರು. ಅವ್ರಿಗೆ ತಿಳೀತು. ಶೆಡ್ಡಿಗೆ ಕರ್ಕೊಂಡು ಹೋಗಿ, ಲೇತಿನ ಮ್ಯಾಲ ಕೈ ಇಟ್ಟು ನಿಂತ್ರು.

"ಗೆರಿ ಕಾಣದ ದಿನ ಒಯ್ಯಿ ಅಂದಿದ್ದೆ. ನೆನಪೈತಿ. ಮಾತು ಅಂದ್ರ ಮಾತು. ಒಯ್ಯಾಕ ಬಂದೀಯೇನು?"

ನಾ ಲೇತಿನ ಮ್ಯಾಲಿನ ಕಬ್ಬಿಣದ ಚೂರು ಕೈಲೆ ಸರಸಿದೆ.

"ಒಯ್ಯಿ. ನಾ ಏನೂ ಅನ್ನಂಗಿಲ್ಲ. ಒಂದ ಹೇಳು, ನಾಳೆ ಮುಂಜಾನೆ ಎದ್ದು, ಚಾ ಕುಡದು, ನಾ ಎಲ್ಲಿಗೆ ಹೋಗ್ಲಿ?"

ಹೊರಗ ಹಮಾಲರು ಹಗ್ಗಾ ಬಿಚ್ಚೂ ಸಪ್ಪಳ ಕೇಳಸ್ತಿತ್ತು.

"ಛೇ, ಏನ್ರಿ ಉಸ್ತಾದ್. ಟೆಂಪೋ ಬ್ಯಾರೆ ಕಡೆ ಹೊಂಟಿತ್ತು, ದಾರ್ಯಾಗ ಹತ್ಕೊಂಡು ಬಂದೆ" ಅಂದೆ. ಇಷ್ಟು ವರ್ಷದಾಗ ಉಸ್ತಾದ್ರಿಗೆ ನಾ ಹೇಳಿದ ಒಂದ ಸುಳ್ಳು. ಅವ್ರೂ ನಂಬಿದಂಗ ಮಾಡಿದ್ರು.

ಪೆಟ್ಟಿಗಿ ಒಂದ ನನ್ನ ಚೀಲದಾಗ ಯಾವಾಗ್ಲೂ ಇರ್ತೈತಿ. ತಗದೆ. ಬ್ಯಾರೆಯವ್ರ ಮಷೀನಿಗೆ ತೂತು ಹಾಕೂ ಮುಂದ ಒಮ್ಮೆ ಅಳೀತೇನಿ, ಇದಕ್ಕ ನಾಕ ಸಲ ಅಳದೆ. ಹನ್ನೊಂದು ವರ್ಷ ನಂದಾಗ್ಲಿ ಅಂತ ಕಾದ ಮಷೀನು, ಅದು ನನ್ನದಾಗಬಾರದು ಅಂತ ನಾನ ಡ್ರಿಲ್ ಹಿಡದು ನಿಂತಿದ್ದೆ. ಆ ತೂತುಗಳಷ್ಟು ನೆಟ್ಟಗಿನ ತೂತು ನಾ ಜನ್ಮದಾಗ ಹಾಕಿಲ್ಲ. ಹಮಾಲರಿಗೆ ಸುಮ್ನ ನಿಂದ್ರಾಕ ನಾಚಿಕಿ ಆಗಿರಬೇಕು. ಒಂದ ಕೈಲೆ ಎತ್ತೂ ಪೆಟ್ಟಿಗಿಗೆ ನಾಕೂ ಮಂದಿ ಕೈ ಹಚ್ಚಿ, "ಹೂಂ, ಎತ್ತು" ಅಂತ ಮ್ಯಾಲಿಟ್ರು.

ಉಸ್ತಾದ್ರು ಒಂದ ರಾಡು ಕಟ್ಟಿ ಕಡದ್ರು. ಪೆಟ್ಟಿಗಿಯಿಂದ ಮೂರ ಹೆಜ್ಜಿ ಹಿಂದ ಸರದು ನಿಂತು, ಒಂದೊಂದ ಅಂಕಿ ದೊಡ್ಡ ದನಿಲೆ ಓದಿದ್ರು. "ಇಪ್ಪತ್ತೆರಡು. ಪಾಯಿಂಟ್. ಐದು. ಸೊನ್ನಿ." ಖಾಲಾನ್ನ ಕರದು ಮತ್ತೊಮ್ಮೆ ಓದಿ ತೋರಿಸಿದ್ರು.

"ಇದರ ಆಯುಷ್ಯ ಎಷ್ಟೋ?"

"ಹದಿನೈದು ವರ್ಷ ಏನೂ ಆಗಂಗಿಲ್ರಿ."

"ನಡೀತೈತಿ" ಅಂದ್ರು, ತಮಗೂ ಅಷ್ಟ ಸಾಕು ಅನ್ನೂವಂಗ. ಆಮ್ಯಾಲ ನನ್ನ ಹೆಗಲ ಮ್ಯಾಲ ಕೈ ಹಾಕಿದ್ರು. "ಮಾತು ಮುರದಂಗ ಆಗಬಾರದು ಬೇಟಾ. ಈ ಕೆಂಪ ಅಂಕೀನೂ ಎಂದ ಕಾಣೂದಿಲ್ಲೋ, ಅಂದ ಬಂದು ಒಯ್ಯಿ. ಖಾತ್ರಿ."

"ಆತ್ರಿ ಉಸ್ತಾದ್" ಅಂದೆ.

ಅವ್ರು ಕಣ್ಣ ಸಣ್ಣ ಮಾಡಿ ಪೆಟ್ಟಿಗಿ ಕಡೆ ಮತ್ತೊಮ್ಮೆ ನೋಡಿದ್ರು. "ಮೂಡಲ ಬಿಸಲ ಬಿದ್ದಾಗ ಸ್ವಲ್ಪ ಮಬ್ಬ ಕಾಣಬಹುದೋ ಏನೋ. ಇದರ ಬೆಳಕು ಇದಕ್ಕಿಂತ ಹೆಚ್ಚಾಗ್ತೈತೇನು?"

ಆಗಂಗಿಲ್ಲ ಅನ್ನೂದು ಭಾಳ ಸಸಾರ ಇತ್ತು.

"ಇನ್ನೂ ಮೂರ ಹಂತ ಐತ್ರಿ" ಅಂದೆ, ಮೂರೂ ಹೆಚ್ಚ ಮಾಡಿ ಕೊಟ್ಟು ಟೆಂಪೋ ಹತ್ತಿದೆ.